ಬಾಲದ ತುದಿಯ ಬಣ್ಣ

ನಮ್ಮ ಯಜಮಾನರು ಪಟ್ಟಾಭಿರಾಮ ಅವರಿಗೆ ಆ ತಿಂಗಳು ಅನ್ನ ನೀರು ಬೇಕಿರಲಿಲ್ಲ, ವಿಮಾನದ ಬಣ್ಣವೊಂದೇ ಬೇಕಿತ್ತು. ಅದೂ ಎಂಥ ವಿಮಾನ! ಎರಡನೇ ಮಹಾಯುದ್ಧದಲ್ಲಿ ಹಾರಾಡಿ, ಆಮೇಲೆ ಇವರ ಕಾರ್ಖಾನೆಯ ಶೆಡ್ಡಿನಲ್ಲಿ ಮೂವತ್ತೆಂಟು ವರ್ಷ ಬಿದ್ದುಕೊಂಡಿದ್ದ ಒಂಟಿ ಸೀಟಿನ ಫೈಟರು. ೧೯೮೪ರಲ್ಲಿ ಅದನ್ನು ಗೇಟಿನ ಮುಂದೆ ನಿಲ್ಲಿಸಲು ಮೇಲಿನವರಿಗೆ ಮನಸ್ಸಾಯಿತು. ಯುದ್ಧಕಾಲದ ಬಣ್ಣಕ್ಕೆ ಶನಿವಾರದೊಳಗೆ ಪುರಾವೆ ಸಿಕ್ಕರೆ ಸರಿ, ಇಲ್ಲದಿದ್ದರೆ ಬೆಳ್ಳಿ ಬಣ್ಣ ಎಂದರು ಮ್ಯಾನೇಜರು.

"ಬೆಳ್ಳಿ ಬಣ್ಣ ಬಳ್ಕೊಂಡು ಯಾರಾದ್ರೂ ಯುದ್ಧಕ್ಕೆ ಹೋಗ್ತಾರೇನೇ? ಮದ್ವೆ ದಿಬ್ಬಣವಾ ಅದು?" ಎಂದು ಇವರು ನನ್ನ ಮೇಲೆ ರೇಗಿದರು. ಪೇಂಟ್ ಶಾಪಿನಿಂದ ಇವರು ನಿವೃತ್ತರಾಗುವುದು ಆ ತಿಂಗಳ ಕೊನೆಗೆ. ಕೆಲಸಕ್ಕೆ ಸೇರಿದಾಗ ಮೊದಲು ಮುಟ್ಟಿದ ವಿಮಾನ ಅದೇ. ಅದು ಸುಳ್ಳು ಬಣ್ಣದಲ್ಲಿ ನಿಂತರೆ ಆ ಗೇಟಿನ ಕಡೆ ತಲೆ ಹಾಕುವುದಿಲ್ಲ ಎಂದು ಶಪಥ ಬೇರೆ. ನಿಮಗೆ ಬಣ್ಣ ನೆನಪಿಲ್ಲವೇ ಎಂದರೆ ಒಂದು ದಿನ ಹಸಿರು, ಇನ್ನೊಂದು ದಿನ ಕಂದು.

ಪ್ರತಿ ಆಯುಧಪೂಜೆಗೂ ಆ ವಿಮಾನಕ್ಕೊಂದು ಹೊಸ ಕೋಟು ಬಳಿಯುವುದು ಶೆಡ್ಡಿನ ಪದ್ಧತಿ. ಡಬ್ಬಿಯಲ್ಲಿ ಯಾವ ಬಣ್ಣ ಉಳಿದಿದೆಯೋ ಅದು. ಇವರು ಪದರ ಪದರವಾಗಿ ಕೆರೆದು, ಹೂಡಿಯ ನಮ್ಮ ಮನೆಗೆ ದಿನಾ ತಲೆ ತುಂಬ ಪುಡಿ ಹೊತ್ತು ತಂದರು. ದಿಂಬಿನ ಚೀಲ ಒಗೆಯುವವಳು ನಾನು ತಾನೆ!

ಗುರುವಾರ ಸಂಜೆ ಅಡುಗೆಮನೆಯ ಬಲ್ಬು ಹೋಗಿತ್ತು. ನಾನು ಸ್ಟೂಲು ಎಳೆಯುತ್ತಿದ್ದೆ, ಇವರು ಬಂದವರೇ ಚೀಲ ಬಿಸಾಡಿದರು.

"ಮೂವತ್ತೆಂಟು ಕೋಟಿನ ಕೆಳಗೆ ಬರೀ ತಗಡು ಕಣೇ! ಯಾವನೋ ಮುಠ್ಠಾಳ ಮೊದಲ್ನೇ ವರ್ಷವೇ ಹಳೇ ಬಣ್ಣ ಉಜ್ಜಿ ತೆಗೆದ್ಬಿಟ್ಟಿದಾನೆ. ಸಿಕ್ಕಿದ್ರೆ ಕಪಾಳಕ್ಕೆ ಬಾರಿಸ್ತಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. "ಬಾರಿಸ್ಕೊಳ್ಳಿ ಮತ್ತೆ! ಹೆಣ್ಣು ನೋಡೋಕೆ ಬಂದಾಗ ನಮ್ಮಪ್ಪನ ಹತ್ರ ಏನಂದಿದ್ರಿ? ಸೇರಿದ ವರ್ಷ ಆಯುಧಪೂಜೆಗೆ ಇಡೀ ವಿಮಾನ ನಾನೊಬ್ಬನೇ ಉಜ್ಜಿದೆ, ಒಂದಿಂಚೂ ಬಿಡ್ಲಿಲ್ಲ, ಮುಖ ಕಾಣ್ತಿತ್ತು ಅಂತ. ಹುಡುಗ ಕೆಲಸಗಾರ ಅಂತ ಅಪ್ಪ ಒಪ್ಪಿದ್ದೇ ಅದಕ್ಕೆ."

ಇವರು ಇಂಗು ತಿಂದ ಮಂಗನಂತಾದರು. "ನಾನೇ ತೆಗೆದ್ನಲ್ಲೇ, ವತ್ಸಲಾ," ಎಂದು ಸ್ಟೂಲಿನ ಮೇಲೆ ಕುಸಿದರು. ಅಯ್ಯೋ ಅನ್ನಿಸಿತು ನನಗೆ. ಬಲ್ಬು ಕೈಯಲ್ಲೇ ಇತ್ತು. ಅದನ್ನು ನೋಡಿದಾಗ ಹೊಳೆಯಿತು.

"ರೀ, ಬಲ್ಬು ಹಾಕೋಕೆ ಈ ಸ್ಟೂಲು ಹತ್ತೋರಲ್ಲ ನೀವು. ಆ ವಿಮಾನದ ಬಾಲ ಎಷ್ಟೆತ್ತರ?"

ಇವರು ತಟ್ಟನೆ ತಲೆಯೆತ್ತಿದರು. "ಎರಡಾಳು," ಎಂದರು. "ತುದಿ ಉಜ್ಜಲಿಲ್ಲ. ಕೋಲಿಗೆ ಬ್ರಷ್ಷು ಕಟ್ಟಿ, ಹಳೇ ಬಣ್ಣದ ಮೇಲೇ ಬಳಿದ್ಬಿಟ್ಟೆ. ಯಾರ್ಗೂ ಹೇಳ್ಬೇಡ."

"ಈಗ ಕೆರೆದಿದ್ದು?"

"ಕೈಗೆಟುಕಿದ ಕಡೆ ಮಾತ್ರ."

ಶುಕ್ರವಾರ ಸಂಜೆ ಇವರ ಹಿಂದೆಯೇ ಕುಂದಲಹಳ್ಳಿಯ ಆವಲಪ್ಪನೂ ಬಂದ. ಪೇಂಟ್ ಶಾಪಿನ ಹೆಲ್ಪರ್ ಅವನು. "ಅಮ್ಮಾ, ಏಣಿ ಇಡ್ಕಂಡಿದ್ದು ನಾನೇ. ಸಾಮೇರು ಮ್ಯಾಲೆ ಇಂಗೆ ನಡುಗ್ತಾ ಅವ್ರೆ, ಏಣಿನೂ ಅಂಗೇ ನಡುಗ್ತಾ ಐತೆ. ಆದ್ರೂ ಇಳೀಲಿಲ್ಲ ಕಣಮ್ಮ."

ಇವರು ಕರವಸ್ತ್ರ ಬಿಚ್ಚಿದರು. ಹೆಬ್ಬೆರಳ ಉಗುರಿನಷ್ಟು ಚಕ್ಕೆ. ಅರ್ಧ ಹಸಿರು, ಅರ್ಧ ಕಂದು. ಎರಡು ನೆನಪೂ ನಿಜವೇ ಆಗಿತ್ತು.

ಅಲ್ಲೊಂದು ಕಡೆ ಮಾತ್ರ ಹಳೇ ಬಣ್ಣ ಹೇಗೆ ಉಳಿಯಿತೆಂದು ಮ್ಯಾನೇಜರು ಬರೆದುಕೊಡಲು ಹೇಳಿದ್ದರಂತೆ. ಏನಾದರೊಂದು ಸುಳ್ಳು ಬರೆಯಬಹುದಿತ್ತು. ಇವರು ಬರೆದ ಕಾಗದದ ನಕಲು ಓದಿದೆ: "೧೯೪೬ರಲ್ಲಿ ಎತ್ತರಕ್ಕೆ ಹೆದರಿ ಬಾಲದ ತುದಿಯನ್ನು ಉಜ್ಜದೆ ಬಿಟ್ಟವನು ನಾನೇ." ಕೆಳಗೆ ಪೂರ್ತಿ ಸಹಿ.

ನನ್ನ ಕಣ್ಣು ತುಂಬಿ ಬಂತು. "ನಮ್ಮಪ್ಪ ಇದನ್ನ ಓದಿದ್ರೆ ಹೆಣ್ಣೇ ಕೊಡ್ತಿರ್ಲಿಲ್ಲ," ಎಂದೆ.

ಇವರು ನಿನ್ನೆ ಹಾಕದೇ ಉಳಿದಿದ್ದ ಬಲ್ಬು ತೆಗೆದುಕೊಂಡು, ಅಡುಗೆಮನೆಯ ಕತ್ತಲಲ್ಲಿ ಸ್ಟೂಲು ಎಳೆದು, ಒಂದು ಕಾಲು ಅದರ ಮೇಲಿಟ್ಟರು.

"ಹಿಡ್ಕೋ ಕಣೇ. ಆದ್ರೆ ಮಾತಾಡ್ಬೇಡ."

ಹಿಡಿದುಕೊಂಡೆ. ದೇವರಾಣೆ, ಮಾತಾಡಲಿಲ್ಲ.