ಇನ್ನೂ ಆಳದ ಪದರ

ಗುಲಾಬಿ, ಬರೀ ಗುಲಾಬಿ, ಅಂಚಿನಲ್ಲಿ ಒಂದಿಷ್ಟು ನೇರಳೆ — ಆ ಹಲ್ಲಿನ ಡಾಕ್ಟರನ ನಾಲಗೆಯ ಚೂರು ನನ್ನ ಮೈಕ್ರೋಸ್ಕೋಪಿನಡಿ ಎಷ್ಟು ಸಭ್ಯವಾಗಿ ಮಲಗಿದೆ, ಹುಣ್ಣು, ಮಾಮೂಲಿ ಹುಣ್ಣು, ಮೇಣದಚ್ಚಿನಲ್ಲಿ ವಾರೆಯಾಗಿ ಕೂತು ಕತ್ತರಿಸುವಾಗ ಮೇಲ್ಪದರವಷ್ಟೇ ಸಿಕ್ಕಿದೆ, ಕಂಡದ್ದನ್ನು ಕಂಡ ಹಾಗೆ ಬರೆದರೂ ಸಾಕು, ಈ ತುಣುಕಿನಲ್ಲಿ ಕ್ಯಾನ್ಸರ್ ಕಾಣುತ್ತಿಲ್ಲ, ಒಂದಕ್ಷರವೂ ಸುಳ್ಳಲ್ಲ, ಅವನು ನಗುತ್ತಾ ಕೆಳಗಿನ ತನ್ನ ಕೋಣೆಗೆ ಇಳಿದುಹೋಗುತ್ತಾನೆ, ಬುಡದಲ್ಲಿ ಏನಾದರೂ ಇದ್ದರೆ ತನ್ನ ಪಾಡಿಗೆ ಬೆಳೆಯುತ್ತದೆ, ಅಕ್ಕನದು ಬೆಳೆದ ಹಾಗೆ — ಏನಿಲ್ಲಮ್ಮ, ಹಲ್ಲಿನ ಚೂಪು ತಾಗಿ ಆಗಿರೋದು, ಉಜ್ಜಿ ನುಣ್ಣಗೆ ಮಾಡಿದೀನಿ, ಕಾದು ನೋಡೋಣ, ಅಂದಿದ್ದ ಇವನೇ, ಮುಂದಿನ ಸಲವೂ ಕಾದು ನೋಡೋಣ, ಅದರ ಮುಂದಿನ ಸಲ ಬಾಯಿಗೆ ಬೆಳಕು ಕೂಡ ಹಿಡಿಯಲಿಲ್ಲ, ಫೋನಿನಲ್ಲಿ ಮಾತಾಡುತ್ತಲೇ ಕೈಸನ್ನೆ ಮಾಡಿ ಕಳಿಸಿದ, ಅಕ್ಕ ಹೊರಗೆ ಬಂದು, ನನ್ನ ಬಾಯಿಗೆ ಹೆದರಿಬಿಟ್ಟ ಕಣೇ ಅಂತ ನಕ್ಕಳು, ಮಾತಿಗೆ ನಿಂತರೆ ಮನೆಯಲ್ಲಿ ಬೇರೆ ಯಾರಿಗೂ ಬಾಯಿ ತೆರೆಯಲು ಬಿಡದವಳು, ಕೊನೆಗೆ ಅವಳ ಬಾಯಿಯೇ ತೆರೆಯದಾಯಿತು, ನಾನು ಹಿಡಿದ ಹಾಲಿನ ಚಮಚ ಹಲ್ಲಿಗೆ ತಾಗಿ ಟಕ್ ಅಂದಿತು, ಒಳಗೆ ಹೋಗಲಿಲ್ಲ, ಗದ್ದದ ಮೇಲೆಲ್ಲ ಹಾಲು.

ಇನ್ನೂ ಆಳಕ್ಕೆ ಕತ್ತರಿಸಿ ಅಂತ ಟೆಕ್ನೀಷಿಯನ್‌ಗೆ ಹೇಳಿದವಳು ನಾನೇ, ಏನ್ ಮೇಡಂ, ಹುಣ್ಣು ಅಂತ ಬರೆದು ಮುಗಿಸಬಾರದಾ ಅಂದ, ಕತ್ತರಿಸಪ್ಪ ಅಂದೆ, ಕರ್ತವ್ಯವೂ ಇಲ್ಲ ಮಣ್ಣೂ ಇಲ್ಲ, ಸಿಗಲಿ ಅಂತ, ಸಿಕ್ಕರೆ ಅವನು ಬದುಕಿಬಿಡುತ್ತಾನೆ ಅನ್ನುವುದೇ ಹೊಟ್ಟೆಯುರಿ, ಬೇಗ ಸಿಕ್ಕರೆ ಕತ್ತರಿಸಿ ತೆಗೆದುಬಿಡುತ್ತಾರೆ, ಅಕ್ಕನಿಗೆ ಆ ಬೇಗ ಇರಲಿಲ್ಲ, ಆದರೆ ನಾನು ಸುಮ್ಮನಿದ್ದರೆ ಅವನು ಏನೂ ಗೊತ್ತಿಲ್ಲದೆ ನೆಮ್ಮದಿಯಾಗಿರುತ್ತಾನಲ್ಲ, ಆ ನೆಮ್ಮದಿ ನಾನು ಕೊಡುವುದಿಲ್ಲ — ಹೊಸ ಸ್ಲೈಡ್, ಎಡಕ್ಕೆ, ಇನ್ನೂ ಎಡಕ್ಕೆ, ಇದೋ, ಮೇಲಿನ ಜೀವಕೋಶಗಳು ಗಡಿ ದಾಟಿ ಕೆಳಗೆ ನುಗ್ಗಿವೆ, ಗುಂಪಿನ ನಡುವೆ ದುಂಡಗೆ ಸುತ್ತಿಕೊಂಡ ಗುಲಾಬಿ ಮುತ್ತು, ಕ್ಯಾನ್ಸರಿನದೇ ರುಜು, ಸಿಕ್ಕಿಬಿದ್ದೆ ನೀನು, ವರದಿ ಇವತ್ತೇ ಹೋಗುತ್ತದೆ, ಬದುಕಿಕೋ, ಆದರೆ ಅದಕ್ಕೆ ಮೊದಲು — ಬಾಗಿಲಲ್ಲಿ ಅವನದೇ ಕೆಮ್ಮು, ಏನಮ್ಮ, ನನ್ನದು ನೋಡಿದ್ಯಾ, ಏನೂ ಇಲ್ಲ ತಾನೇ, ನನ್ನ ಗುರುತೇ ಇಲ್ಲ ಅವನಿಗೆ, ಅಕ್ಕನ ಪಕ್ಕದ ಕುರ್ಚಿಯಲ್ಲಿ ಪ್ರತಿಸಲವೂ ಕೂತಿದ್ದವಳು ನಾನು, ಕೂತ್ಕೊಳ್ಳಿ ಸರ್, ಮೊದಲು ಇದನ್ನ ನೋಡಿ, ವಿದ್ಯಾರ್ಥಿಗಳಿಗೆ ತೋರಿಸಲೆಂದೇ ಇರುವ ಎದುರಿನ ಐಪೀಸ್, ಬಾಣದ ಗುರುತನ್ನು ಮುತ್ತಿನ ಮೇಲೆ ತಂದಿಟ್ಟೆ, ಕನ್ನಡಕ ಹಣೆಗೇರಿಸಿ ಬಗ್ಗಿದ, ಅಯ್ಯೋ ಪಾಪ, ಕ್ಯಾನ್ಸರೇ ಇದು, ಅನುಮಾನವೇ ಇಲ್ಲ, ತೋರಿಸಿಕೊಳ್ಳದೆ ಎಷ್ಟು ದಿನ ಕೂತಿದ್ದನೋ ಪುಣ್ಯಾತ್ಮ, ಯಾರದಮ್ಮ ಇದು — ಕಾದು ನೋಡೋಣ ಸರ್, ಅಂದೆ, ಅಷ್ಟೇ ಅಂದೆ, ಅವನು ತಲೆ ಎತ್ತಿದ, ನನ್ನ ಮುಖ ನೋಡುತ್ತಲೇ ಇದ್ದ, ಮುಚ್ಚಿದ ತುಟಿಗಳ ಹಿಂದೆ ನಾಲಗೆ ಮೆಲ್ಲಗೆ ಹೊರಳಿ ಆ ಜಾಗವನ್ನು ಹಲ್ಲಿಗೆ ಒತ್ತಿಕೊಂಡಿತು, ಕಂಡೆ, ಕಣ್ಣಾರೆ ಕಂಡೆ, ಈಗ ನಗಬೇಕು ನಾನು, ಅಕ್ಕನ ಪಾಲಿನದೂ ಸೇರಿಸಿ ನಗಬೇಕು, ನಗಲೆಂದು ಬಾಯಿ ತೆರೆದರೆ ಚಮಚ, ಹಾಲು ತುಂಬಿದ ಚಮಚ, ಹಲ್ಲಿಗೆ ಟಕ್, ಮತ್ತೆ ಟಕ್.