ಇನ್ನೂ ಒಂಬತ್ತು ಮಣಿ

ವಾಡಿ ಜಂಕ್ಷನ್ನಿನ ತಾರಬಾಬು ಜಯತೀರ್ಥರಾಯರ ಕಾಲಿನ ಹೆಬ್ಬೆರಳುಗಳಲ್ಲಿ ಉಗುರು ನೆಟ್ಟಗಿದ್ದುದನ್ನು ಕಂಡವರು ಯಾರೂ ಇಲ್ಲ. ಎಡಗಾಲಿನದು ಮಾಯುವ ಹೊತ್ತಿಗೆ ಬಲಗಾಲಿನದು ಒಡೆದಿರುತ್ತಿತ್ತು. ಹೆಜ್ಜೆಹೆಜ್ಜೆಗೂ ಹಾಸುಗಲ್ಲು ತಲೆಯೆತ್ತಿರುವ ಆ ನೆಲದಲ್ಲಿ ಊರಿನವರೆಲ್ಲ ಕಾಲಬುಡ ನೋಡಿಕೊಂಡು ನಡೆಯುತ್ತಿದ್ದರೆ, ರಾಯರೊಬ್ಬರು ಮಾತ್ರ ಕೊಡೆಯನ್ನು ಬಗಲಲ್ಲಿ ಇರುಕಿಕೊಂಡು, ಗದ್ದ ಮೇಲೆತ್ತಿ, ಹಾರುವ ಕೊಕ್ಕರೆಯ ಸಾಲನ್ನೋ ಒಂಟಿ ಮೋಡದ ಅಂಚನ್ನೋ ಕಣ್ಣಲ್ಲೇ ಹಿಂಬಾಲಿಸುತ್ತ ಸ್ಟೇಷನ್ನಿನ ದಾರಿ ಸವೆಸುತ್ತಿದ್ದರು. ಎಡವಿದಾಗ "ಹರಿ" ಎನ್ನುವರು. ಕೆಳಗೆ ಮಾತ್ರ ನೋಡುತ್ತಿರಲಿಲ್ಲ.

ನಾನು ಆ ಕಾಲದಲ್ಲಿ ವಾಡಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಅವರ ಮನೆಯ ಪಕ್ಕದ ಮನೆ ನನ್ನದು. ರಾಯರದು ತೆಳುವಾದ ಮೈ, ಹಣೆಯ ಮೇಲೆ ಅಕ್ಷತೆ ಅಂಗಾರ, ಮೈಮೇಲೆ ರೈಲ್ವೆಯವರು ಕೊಟ್ಟ ಕರಿಯ ಕೋಟು. ಆ ಕೋಟಿನ ಎಡಜೇಬಿನಲ್ಲಿ ಸದಾ ಬಿದಿರಿನ ಸೀಳುಗಳಿರುತ್ತಿದ್ದವು. ಅವುಗಳ ಮೊನೆ ಬಟ್ಟೆಯನ್ನು ತೂರಿ ಹೊರಗೆ ಬಂದು, ಜೊತೆಗೆ ನಡೆಯುವವರ ಮೊಣಕೈಗೆ ಚುಚ್ಚುತ್ತಿತ್ತು. ಹಗಲಿರುಳು ಮುಂಬಯಿಗೂ ಹೈದರಾಬಾದಿಗೂ ತಂತಿಯ ಮೇಲೆ ಮಾತಾಡುವುದು ಅವರ ಉದ್ಯೋಗವಾದ್ದರಿಂದ ಬಾಯಿಯ ಮಾತೂ ತಾರಿನ ಒಕ್ಕಣೆಯಂತೆ ಕಿರಿದಾಗಿ ಹೋಗಿತ್ತು. "ಊಟ ಆತು. ಬಿಸಲು ಭಾಳ. ಬರ್ತೀನಿ," ಎಂದರೆ ಅವರ ಮಟ್ಟಿಗೆ ಅದು ಒಂದು ದೀರ್ಘ ಸಂಭಾಷಣೆ. ಅವರ ಪತ್ನಿ ಅನಸೂಯಾಬಾಯಿಯವರು ನಗುತ್ತಲೇ ದೂರುತ್ತಿದ್ದರು: "ಲಗ್ನದ ದಿವಸ ನನಗ ಅಂದದ್ದು ಮೂರ ಮಾತು ನೋಡ್ರಿ. ಅದರಾಗ ಎರಡು ಪುರೋಹಿತರು ಹೇಳಿಕೊಟ್ಟದ್ದು."

ಇಂಥ ಮಿತಭಾಷಿಗೆ ವಿಮಾನದ ಹುಚ್ಚು ಹತ್ತಿದ್ದು ಸುಮಾರು ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ. ಮದ್ರಾಸ್ ಮೇಲ್ ಗಾಡಿಯಿಂದ ಇಳಿದ ಯಾರೋ ದೊರೆ ವೇಟಿಂಗ್ ರೂಮಿನಲ್ಲಿ ಬಿಟ್ಟುಹೋದ ಇಂಗ್ಲಿಷ್ ಮಾಸಪತ್ರಿಕೆಯೊಂದರಲ್ಲಿ, ರಬ್ಬರನ್ನು ಹುರಿಮಾಡಿ ಅದರ ಬಲದಿಂದ ಹಾರಿಸುವ ಆಟದ ವಿಮಾನದ ನಕ್ಷೆಯಿತ್ತು. ರಾಯರು ಅದನ್ನು ವಾರಸುದಾರರಿಗಾಗಿ ಮೂರು ತಿಂಗಳು ಕಾದಿರಿಸಿ, ಆಮೇಲೆ ಮನೆಗೆ ತಂದರು. ಚಿಂಚೋಳಿಯ ಕಾಡಿನಿಂದ ಬರುವ ಬಿದಿರನ್ನು ಹುಲ್ಲುಕಡ್ಡಿಯಷ್ಟು ತೆಳುವಾಗಿ ಸೀಳಿ, ದೀಪದ ಕಾವಿನಲ್ಲಿ ಬಾಗಿಸಿ, ಮೈಯ ಹಂದರ ಕಟ್ಟುವರು. ಅದರ ಮೇಲೆ ಪತಂಗದ, ಎಂದರೆ ಗಾಳಿಪಟದ, ಹಳದಿ ಕಾಗದವನ್ನು ಅನ್ನದ ಗಂಜಿಯಿಂದ ಅಂಟಿಸಿ, ಬಾಯಲ್ಲಿ ನೀರು ತುಂಬಿ ಹನಿಹನಿಯಾಗಿ ಉಗುಳುವರು. ಒಣಗಿದ ಮೇಲೆ ಆ ಕಾಗದ ಡೊಳ್ಳಿನ ಚರ್ಮದಂತೆ ಬಿಗಿದು, ಉಗುರು ತಾಗಿಸಿದರೆ ನುಡಿಯುತ್ತಿತ್ತು. ಮೂಗಿನಲ್ಲಿ ತಿರುಗುವ ಪಂಖವನ್ನು ಹಾಲವಾಣದ ಹಗುರ ಕಟ್ಟಿಗೆಯಿಂದ ಕೆತ್ತಿ, ಸೂಜಿಯ ಮೇಲೆ ತೂಗಿ, ಒಂದು ಕಡೆ ಕೂದಲೆಳೆಯಷ್ಟು ಭಾರವಾದರೂ ಮತ್ತೆ ಹೆರೆಯಲು ಕೂರುತ್ತಿದ್ದರು. ಪಂಖದಿಂದ ಬಾಲದವರೆಗೆ ಹೊಟ್ಟೆಯೊಳಗೆ ಹಾಯುವ ರಬ್ಬರಿನ ಪಟ್ಟಿಯೇ ಅದರ ಪ್ರಾಣ. ಆ ಪಟ್ಟಿ ತುಂಡಾಗದಂತೆ ಎಣ್ಣೆ ಸವರಬೇಕು. ಮೊದಲ ಸಲ ಅನಸೂಯಾಬಾಯಿಯವರು ಉದಾರವಾಗಿ ಕೊಟ್ಟ ಕುಸುಬಿ ಎಣ್ಣೆ ಮೂರೇ ದಿನಕ್ಕೆ ಅಂಟಾಗಿ, ರಬ್ಬರು ಹಳೆಯ ಬೆಲ್ಲದಂತೆ ಮುದ್ದೆಯಾಯಿತು. ಆಮೇಲೆ ಔಡಲೆಣ್ಣೆಯೇ ಸರಿಯೆಂದು ಗೊತ್ತಾಯಿತು.

ಈ ಹುಚ್ಚಿನಲ್ಲಿ ಅವರಿಗೆ ಜೊತೆಗಾರನೆಂದರೆ ಸೈಕಲ್ ದುರಸ್ತಿಯ ನಬೀಸಾಬ್ ಒಬ್ಬನೇ. ಆತ ಅವರ ಓರಗೆಯವನು, ಸಂಕ್ರಾಂತಿಗೆ ಪತಂಗ ಕಟ್ಟಿ ಮಾರುವವನು, ಗಾಳಿಯ ಸ್ವಭಾವವನ್ನು ದಾರದ ಎಳೆತದಿಂದಲೇ ಹೇಳಬಲ್ಲವನು. ರಾಯರು ವಿಮಾನವನ್ನು ಎದೆಗವಚಿ ಹಿಡಿದರೆ, ನಬೀಸಾಬ್ ರಬ್ಬರಿನ ತುದಿಯನ್ನು ಬಡಿಗನ ಬೈರಿಗೆಗೆ ಸಿಕ್ಕಿಸಿ, ನಾಲ್ಕು ಮಾರು ಹಿಂದಕ್ಕೆಳೆದು, ಸುತ್ತುತ್ತ ಸುತ್ತುತ್ತ ಸಮೀಪಿಸುವನು. ಹಾರಾಟ ಬೆಳಗಿನ ಜಾವ ಮಾತ್ರ, ಗಾಳಿ ಎಚ್ಚರಗೊಳ್ಳುವ ಮುನ್ನ. ಇಬ್ಬರ ಬಳಿಯೂ ಗಡಿಯಾರವಿರಲಿಲ್ಲ. ರೈಲ್ವೆಯ ಗಡಿಯಾರವನ್ನು ಆಟಕ್ಕೆ ಬಳಸುವುದು ರಾಯರಿಗೆ ಸಲ್ಲದು. ಆದ್ದರಿಂದ ವಿಮಾನ ಕೈಬಿಟ್ಟ ಕ್ಷಣವೇ ರಾಯರು ಕೋಟಿನ ಬಲಜೇಬಿನಿಂದ ತುಲಸಿಮಾಲೆ ತೆಗೆದು ಒಂದೊಂದು ಮಣಿಗೆ ಒಂದೊಂದು ಕೃಷ್ಣನಾಮ ಹೇಳುವರು. ನಬೀಸಾಬ್ ತೊಂಬತ್ತೊಂಬತ್ತು ಮಣಿಯ ತನ್ನ ಜಪಸರ, ತಸಬಿ, ತಿರುಗಿಸುವನು. ಒಂದು ಮಾಲೆಯಷ್ಟು, ಎಂದರೆ ನೂರೆಂಟು ಮಣಿಯಷ್ಟು ಹೊತ್ತು ವಿಮಾನ ಆಕಾಶದಲ್ಲಿ ನಿಲ್ಲಬೇಕು: ಇದು ರಾಯರ ಜೀವನದ ಏಕೈಕ ಅಭಿಲಾಷೆ. ಬಡ್ತಿ ಅವರಿಗೆ ಬೇಕಿರಲಿಲ್ಲ, ವರ್ಗ ಬೇಕಿರಲಿಲ್ಲ. ಏಳು ವರ್ಷಗಳ ಸಾಧನೆಯಲ್ಲಿ ಅತಿ ದೀರ್ಘವಾದ ಹಾರಾಟ ತೊಂಬತ್ತೊಂಬತ್ತರ ವರೆಗೆ ಬಂದು ನಿಂತಿತ್ತು. ಆ ದಿನ ನಬೀಸಾಬ್ ತಸಬಿಯ ಕೊನೆಯ ಮಣಿ ಮುಟ್ಟಿ, "ನಂದು ಮುಗೀತ್ರಿ ರಾಯರ. ನಿಮ್ಮ ದೇವರೇ ಇನ್ನಾ ಒಂಬತ್ತು ಮಣಿ ದಮ್ ಕೇಳ್ತಾನ," ಎಂದಿದ್ದ. ರಾಯರು ನಕ್ಕಿದ್ದರು, ಆದರೆ ಆ ಒಂಬತ್ತು ಮಣಿ ಅವರ ಗಂಟಲಲ್ಲಿ ಮುಳ್ಳಾಗಿ ಉಳಿಯಿತು.

ಅವರೊಳಗೆ ಇನ್ನೊಂದು ಕೊರಗೂ ಇತ್ತು. ಬೆರಳು ಮೀಟಿದರೆ ಮುಂಬಯಿಯವರು ಮರುನುಡಿಯುತ್ತಾರೆ. ರೈಲ್ವೆಯ ಸಾಹೇಬರೊಬ್ಬರ ಬಂಗಲೆಯ ರೇಡಿಯೊದಲ್ಲಿ ತಂತಿಯೇ ಇಲ್ಲದೆ ಹೈದರಾಬಾದಿನ ಹಾಡು ಬರುತ್ತದೆ. ಆದರೆ ಐವತ್ತು ಮಾರು ದೂರದಲ್ಲಿ ಹಾರುತ್ತಿರುವ ತಮ್ಮದೇ ವಿಮಾನಕ್ಕೆ "ಎಡಕ್ಕೆ ತಿರುಗು" ಎಂದು ಹೇಳಲು ಜಗತ್ತಿನಲ್ಲಿ ಉಪಾಯವಿಲ್ಲ. ಕೈಯಿಂದ ಬಿಟ್ಟ ಮೇಲೆ ಬೇವಿನ ಮರ ಅಡ್ಡ ಬಂದರೂ ನೋಡುತ್ತ ನಿಲ್ಲಬೇಕು. ರೇಡಿಯೊದ ಸಾಹೇಬರ ಮುಂದೆ ಒಮ್ಮೆ ಈ ಮಾತು ತೆಗೆದಾಗ ಅವರು, ಅಂಥದೊಂದು ಯಂತ್ರ ಬಂದರೆ ಅದನ್ನು ಹೊರಲು ನಿಮ್ಮ ವಿಮಾನವಲ್ಲ, ಎತ್ತಿನ ಬಂಡಿ ಬೇಕಾದೀತು ಎಂದು ನಗೆಯಾಡಿದರಂತೆ. ರಾಯರು ನಗಲಿಲ್ಲ.

ಅಷ್ಟರಲ್ಲಿ ಯುದ್ಧ ಬಂತು. ಮಲಯದ ತೋಟಗಳು ಜಪಾನೀಯರ ಕೈಸೇರಿ ಮುಂಬಯಿಯಿಂದ ರಬ್ಬರು ಬರುವುದು ನಿಂತುಹೋಯಿತು. ನಬೀಸಾಬ್ ಸೈಕಲ್ಲಿನ ಟ್ಯೂಬು ಕತ್ತರಿಸಿ ಪಟ್ಟಿ ಮಾಡಿಕೊಟ್ಟ, ಅದರಲ್ಲಿ ಜೀವವಿರಲಿಲ್ಲ. ಉಳಿದದ್ದು ಒಳ್ಳೆಯ ರಬ್ಬರಿನ ಒಂದೇ ಒಂದು ಲಡಿ. ವಾಡಿಯ ಬಿಸಿಲಿಗೆ ಅದು ಕರಗೀತೆಂದು ಅನಸೂಯಾಬಾಯಿಯವರು ಮಡಿಯ ನಿಯಮವನ್ನು ಸ್ವಲ್ಪ ಸಡಿಲಿಸಿ, ನೀರಿನ ಹರವಿಯ ಬುಡದ ತಂಪಿನಲ್ಲಿ ಅದಕ್ಕೊಂದು ಜಾಗ ಕೊಟ್ಟರು. "ಮನ್ಯಾಗ ಮಕ್ಕಳಿಗೆ ಇಲ್ಲದ ತಂಪು ಇದಕ್ಕ," ಎನ್ನುತ್ತಲೇ ಮೇಲಿನ ಬಟ್ಟೆಯನ್ನು ತಾವೇ ತೋಯಿಸುತ್ತಿದ್ದರು. ಬಳಸಿದರೆ ಮುಗಿಯುತ್ತದೆ, ಇಟ್ಟರೆ ಒಣಗುತ್ತದೆ. ರಾಯರು ಒಂದು ವರ್ಷ ಈ ಸಂಕಟದಲ್ಲೇ ಕಳೆದರು.

ನಲವತ್ಮೂರನೆಯ ಇಸವಿಯ ಶಿವರಾತ್ರಿ ಕಳೆದ ಮೇಲೆ ಒಂದು ದಿನ ರಬ್ಬರನ್ನು ಹಿಗ್ಗಿಸಿ ನೋಡಿದಾಗ ಅಂಚಿನಲ್ಲಿ ಕೂದಲಿನಂಥ ಬಿರುಕು ಕಂಡಿತು. ಇನ್ನು ತಡೆಯುವಂತಿರಲಿಲ್ಲ. ಮರುದಿನ ಬೆಳಗಿಗೇ ಹಾರಾಟವೆಂದು ನಿಶ್ಚಯವಾಯಿತು. ಆದರೆ ಅಂದು ಮಿಲಿಟರಿ ಗಾಡಿಗಳ ಗದ್ದಲದಲ್ಲಿ ಪಾಳಿ ಬಿಡಿಸುವವನು ಬಂದದ್ದೇ ಹತ್ತು ಗಂಟೆಗೆ. ಜೋಳ ಕೊಯ್ದ ಬಯಲಿಗೆ ಇಬ್ಬರೂ ತಲುಪುವಾಗ ನೆಲ ಕಾದು, ದೂರದ ಕಲ್ಲುಗಣಿಯ ಮೇಲೆ ಬಿಸಿಲು ನೀರಿನಂತೆ ನಡುಗುತ್ತಿತ್ತು. ನಬೀಸಾಬ್ ಹಣೆಗೆ ಕೈಯಿಟ್ಟು ನೋಡಿದ.

"ರಾಯರ, ಗಣಿ ಮ್ಯಾಲ ಹದ್ದು ತಿರಗಲಿಕತ್ತದ ನೋಡ್ರಿ. ರೆಕ್ಕಿ ಬಡಿಲಾರ್ದೇ ಏರ್ತದಂದ್ರ ಅಲ್ಲಿ ಗಾಳಿ ಕುದಿಲಿಕತ್ತದ. ನನ್ನ ಪತಂಗ ಅಂಥಲ್ಲೇ ಹರಕೊಂಡು ಹೋಗ್ತಾವ. ನಾಳಿಗಿ ಬಿಡೂಣು."

ರಾಯರೂ ನೋಡಿದರು. ಬಿಳಿಯ ಕೊರಳು, ಕಾವಿಯ ರೆಕ್ಕೆ. ಚಪ್ಪಲಿ ಕಳಚಿ, ಎರಡೂ ಕೈಗಳಿಂದ ಕೆನ್ನೆ ಮುಟ್ಟಿಕೊಂಡರು.

"ಹದ್ದಲ್ಲ, ನಬೀಸಾಬ. ಗರುಡ. ಶುಭ ಆತು. ಸುತ್ತು."

ಹರಿಯ ವಾಹನವೇ ಎದುರು ಬಂದು ದಾರಿ ತೋರಿಸುತ್ತಿರುವಾಗ ವೈಷ್ಣವನಾದವನು ಹಿಂದೆಗೆಯುವುದುಂಟೆ. ನಬೀಸಾಬ್ ಬೈರಿಗೆ ಹಿಡಿದು, ಎಂದೂ ಸುತ್ತದಷ್ಟು ಸುತ್ತು ಸುತ್ತಿದ. ರಬ್ಬರು ಗಂಟಿನ ಮೇಲೆ ಗಂಟಾಗಿ, ಬಿದಿರು ಕಿರುಗುಟ್ಟಿತು. ರಾಯರು ಬಿಟ್ಟರು.

ಹಳದಿ ರೆಕ್ಕೆಗಳು ಕಡಿದಾಗಿ ಏರಿದವು. ನಲವತ್ತನೆಯ ಮಣಿಯ ಹೊತ್ತಿಗೆ ವಿಮಾನ ಬೇವಿನ ಮರದ ಮೂರರಷ್ಟು ಎತ್ತರದಲ್ಲಿತ್ತು. ಅರವತ್ತಕ್ಕೆ ರಬ್ಬರು ಬಿಚ್ಚಿಕೊಂಡು ಪಂಖ ನಿಂತಿತು, ಇನ್ನು ಇಳಿಯಬೇಕು. ಅದು ಇಳಿಯಲಿಲ್ಲ. ಗಣಿಯ ಕಡೆಗೆ ವಾಲಿ, ಗರುಡ ಬರೆಯುತ್ತಿದ್ದ ವೃತ್ತದ ಕೆಳಗೆ ತಾನೂ ಒಂದು ವೃತ್ತ ಬರೆಯತೊಡಗಿತು. ತೊಂಬತ್ತೊಂಬತ್ತು. ನಬೀಸಾಬ್ ಎಣಿಸಿ ಮುಗಿದ ತಸಬಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ನೂರು, ನೂರೈದು, ನೂರೆಂಟು. ಒಂಬತ್ತು ವರ್ಷದ ಅಭಿಲಾಷೆ ಈಡೇರಿದ ಆ ಘಳಿಗೆಯಲ್ಲಿ ರಾಯರ ಬೆರಳು ನಿಲ್ಲಲಿಲ್ಲ. ಜಪ ಮಾಡುವವರು ಮೇರುಮಣಿಯನ್ನು ದಾಟಬಾರದು, ಮಾಲೆಯನ್ನು ಹಿಂದಕ್ಕೆ ತಿರುಗಿಸಬೇಕು. ಉಪನಯನದ ದಿನದಿಂದ ಪಾಲಿಸಿದ ಆ ನಿಯಮವನ್ನು ಮರೆತು ಬೆರಳು ಮೇರುವನ್ನು ದಾಟಿ ಮುಂದಕ್ಕೆ ಹೋಯಿತು. ವಿಮಾನ ಅಂಗೈಯಷ್ಟಾಯಿತು, ಎಲೆಯಷ್ಟಾಯಿತು, ಜೋಳದ ಕಾಳಷ್ಟಾಯಿತು. ಆಗ ರಾಯರು, ಅಂಗಳದಾಚೆ ಆಡುತ್ತ ಹೋದ ಮಗುವನ್ನು ಕರೆಯುವವರ ದನಿಯಲ್ಲಿ, "ಸಾಕು. ಇನ್ನ ಇಳಿ," ಎಂದರು. ಮತ್ತೆ ನೋಡಿದಾಗ ಅಲ್ಲಿ ಬಿಸಿಲೊಂದೇ ಇತ್ತು.

ಇಬ್ಬರೂ ಮಧ್ಯಾಹ್ನದವರೆಗೆ ಹೊಲಹೊಲ ತಿರುಗಿ ಬಂದರು. ಅನಸೂಯಾಬಾಯಿ ಮಾಲೆ ಮುಗಿಯಿತೇ ಎಂದು ಕೇಳಿದರು. ರಾಯರು ಮುಗಿಯಿತೆಂದರು. "ಮತ್ಯಾಕ ಹಿಂಗ ಕುಂತೀರಿ?" ಎಂದದ್ದಕ್ಕೆ, "ಅದು ಮುಗೀಲಿಲ್ಲ," ಎಂದರು.

ಆಮೇಲೆ ಎಷ್ಟೋ ದಿನ ತಂತಿ ಬಿಡುವಾಗಿದ್ದಾಗಲೆಲ್ಲ ಅವರು ಶಹಾಬಾದ, ಚಿತ್ತಾಪುರ, ಸೇಡಂ ಸ್ಟೇಷನ್ನಿನ ತಾರಬಾಬುಗಳನ್ನು ಕೇಳುತ್ತಿದ್ದರು: ಹಳದಿ ಕಾಗದದ ವಿಮಾನ ಕಂಡಿತೇ. ಸೇಡಂನವನು ವಿನೋದಪ್ರಿಯ, ಇದೀಗ ಇಳಿದು ಚಹಾ ಕುಡಿದು ತಾಂಡೂರಿನ ಕಡೆ ಹೋಯಿತು ಎಂದು ಮರುತಂತಿ ಹೊಡೆದ. ರಾಯರು ಅದಕ್ಕೂ ವಂದನೆ ತಿಳಿಸಿದರು. ವರ್ಷದ ಮೇಲೆ ಗುಂಡಗುರ್ತಿಯ ರೈತನೊಬ್ಬ, ತಮ್ಮೂರಿನ ಭಾಗಮ್ಮನ ಮನೆಯ ಜಂತಿಯಲ್ಲಿ ಹಳದಿ ರೆಕ್ಕೆಯಂಥದೇನೋ ಸಿಕ್ಕಿಸಿದೆ ಎಂದ. ರಾಯರು ರಜೆ ಹಾಕಿ, ಚಿತ್ತಾಪುರದಲ್ಲಿಳಿದು ಬಂಡಿ ಮಾಡಿಕೊಂಡು ಹೋದರು. ಅದು ಹರಿದ ಪತಂಗ. ಮರಳಿ ಬಂದವರ ಮುಖದಲ್ಲಿ ನಾನು ನಿರಾಶೆಯನ್ನು ಹುಡುಕಿದೆ, ಕಂಡದ್ದು ನಿರಾಶೆಯಲ್ಲ. "ಅಲ್ಲಿ ಇಲ್ರಿ ಮಾಸ್ತರ," ಎಂದರು, ಶುಭವಾರ್ತೆ ತಂದವರಂತೆ.

ಯುದ್ಧ ಮುಗಿದು ರಬ್ಬರು ಬರತೊಡಗಿದಾಗ ಅವರು ಇನ್ನೊಂದು ವಿಮಾನ ಕಟ್ಟಿದರು. ಅದರ ರೆಕ್ಕೆಯ ಮೇಲೆ, ಮೊದಲಿನದರ ಮೇಲೆ ಬರೆಯಲು ಹೊಳೆಯದೇ ಹೋದ ತಮ್ಮ ಹೆಸರನ್ನೂ ಊರನ್ನೂ ಕನ್ನಡ, ಉರ್ದು, ತೆಲುಗು ಮೂರರಲ್ಲೂ ಬರೆದರು. ಉರ್ದು ಅಕ್ಷರ ನಬೀಸಾಬನದು, ತೆಲುಗು ನನ್ನದು. ಆ ಸಂದರ್ಭದಲ್ಲೇ ಒಮ್ಮೆ ಅವರು ತಾವಾಗಿ ಮಾತಾಡಿದ್ದು.

"ಕೈ ಬಿಟ್ಟ ಮ್ಯಾಲ ಅದಕ್ಕೊಂದು ಮಾತು ಹೇಳ್ಲಿಕ್ಕ ಬರಬೇಕು, ಮಾಸ್ತರ. ಒಂದ ಮಾತು ಸಾಕು."

ಯಾವ ಮಾತು ಎಂದು ಕೇಳಿದೆ. ಬ್ರಷ್ಷನ್ನು ನೀರಿಗಿಟ್ಟರು.

"ಅದೇ ಗೊತ್ತಾಗವಲ್ದು. ಬಾ ಅಂದ್ರ ಹಾರೂದು ಬಿಟ್ಟು ಬರ್ತದ. ಹೋಗು ಅಂದ್ರ ಹೋಗೇ ಬಿಡ್ತದ."

ಇಂಥವರನ್ನು ಲೋಕ ಹುಚ್ಚರೆನ್ನುತ್ತದೆ. ಹುಚ್ಚು ಹೌದೋ ಅಲ್ಲವೋ ನಾನರಿಯೆ. ತಾವು ಹಾರಬೇಕೆಂಬ ಆಸೆ ಇವರಿಗಿಲ್ಲ, ಹಾರುವುದನ್ನು ಕಟ್ಟಿಹಾಕಿಕೊಳ್ಳುವ ಆಸೆಯೂ ಇಲ್ಲ. ವರ್ಷಗಟ್ಟಲೆ ಹೆರೆದು, ತೂಗಿ, ತಿದ್ದಿ, ತಮ್ಮ ಕೈಯ ಹಂಗು ಇನ್ನು ಬೇಡವಾಗುವಷ್ಟು ಒಂದು ವಸ್ತುವನ್ನು ಚೆನ್ನಾಗಿ ಮಾಡುತ್ತಾರೆ. ಹಾಗೆ ಮಾಡಿದ್ದರಿಂದಲೇ ಅದನ್ನು ಕಳೆದುಕೊಳ್ಳುತ್ತಾರೆ. ಕೆಲಸ ಎಲ್ಲಿ ಸ್ವಲ್ಪ ಕೆಟ್ಟಿತೋ ಅದು ಮರಳಿ ಬಂದು ಮನೆಯ ಗೂಟದಲ್ಲಿ ತೂಗುತ್ತದೆ. ಆದ್ದರಿಂದ ಇವರ ಮನೆಗೆ ಹೋಗಿ, ಏನು ಮಾಡಿದ್ದೀರಿ ತೋರಿಸಿ ಎಂದರೆ ತೋರಿಸಲು ಸಿಗುವುದು ಎರಡನೆಯ ದರ್ಜೆಯದು ಮಾತ್ರ. ಉತ್ತಮವಾದದ್ದು ಯಾವಾಗಲೂ ಊರಿನಾಚೆ, ಕಣ್ಣಿಗೆ ನಿಲುಕದ ಕಡೆ ಎಲ್ಲೋ ಇರುತ್ತದೆ.