ಮುಚ್ಚಳದ ಮೇಲೆ ಪೇಚಿ

"ಏನ್ ನೋಡ್ತಾ ನಿಂತಿದೀಯೋ ಸೂಳೇಮಗನೆ? ಇಳಿಯೋ ಒಳಕ್ಕೆ!"

ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಸೂಪರಿಂಟೆಂಡೆಂಟ್ ತಿರುವೇಂಗಡಂ ಕೂಗಿದ. ಮಧುರೆಯ ಆ ಕಾನೂನು ಕಾಲೇಜಿನ ಸಭಾಂಗಣದ ಹಿಂದೆ ಮಲದ ಗುಂಡಿ ಬೆಳಗಿನಿಂದ ಉಕ್ಕುತ್ತಿತ್ತು. ಒಳಗೆ ನಿವೃತ್ತ ನ್ಯಾಯಮೂರ್ತಿಯೊಬ್ಬರ ಉಪನ್ಯಾಸ. ವಿಷಯ, ಮಾನವ ಹಕ್ಕು. ಕಿಟಕಿ ದಾಟಿದ ನಾತ ವೇದಿಕೆಯನ್ನೂ ಮುಟ್ಟಿತ್ತು.

ಕಾಲೇಜಿನ ಸಫಾಯಿ ಕೆಲಸದ ವೀರಣನ್ ಚಡ್ಡಿಯಲ್ಲಿ ನಿಂತಿದ್ದ, ಸೊಂಟಕ್ಕೆ ಹಗ್ಗ. ತಿರುವೇಂಗಡಂ ಕೊಟ್ಟ ಸಾರಾಯಿ ಆಗಲೇ ಗಂಟಲಿಳಿದಿತ್ತು. ಕುಡಿಯದೆ ಅಂಥ ಗುಂಡಿಗೆ ಯಾರೂ ಇಳಿಯಲಾರರು.

ಮೆಟ್ಟಿಲು ಗುಡಿಸುತ್ತಿದ್ದ ಅವನ ಹೆಂಡತಿ ಪೇಚಿ ಪೊರಕೆ ಬಿಸಾಡಿ ಓಡಿಬಂದಳು. ಪೊಂಗಲ್ ಹಬ್ಬಕ್ಕೆ ಮುಂಚೆ ಅವಳ ಅಣ್ಣ ಮುನಿಯಾಂಡಿ ಒಂದು ಲಾಡ್ಜಿನ ಗುಂಡಿಗೆ ಹೀಗೇ ಇಳಿದಿದ್ದ. ಹೆಣ ಮೇಲೆತ್ತಿದಾಗ ಬಾಯಿ ತುಂಬ ಹೊಲಸು. ಪೇಚಿಯೇ ಬೆರಳು ಹಾಕಿ ತೆಗೆದಿದ್ದಳು.

"ಹಗ್ಗ ಬಿಚ್ಚು."

"ಕೆಲ್ಸ ಹೋಯ್ತದೆ ಕಣೆ. ಹಿಂಗೋಗಿ ಹಂಗ್ ಬಂದ್ಬುಡ್ತೀನಿ."

"ನಮ್ಮಣ್ಣನೂ ಹಿಂಗೇ ಅಂದಿದ್ದ."

ಪಕ್ಕದಲ್ಲಿದ್ದ ಕಬ್ಬಿಣದ ಮುಚ್ಚಳವನ್ನು ಎರಡೂ ಕೈಯಿಂದ ಎಳೆದು ಗುಂಡಿಯ ಬಾಯಿಗೆ ಮುಚ್ಚಿದಳು. ಅದರ ಮೇಲೇ ಕುಕ್ಕರಿಸಿದಳು. ಸಂದಿಯಿಂದ ಒಸರಿದ ನೀರು ಸೀರೆಯನ್ನು ನೆನೆಸಿತು.

"ಏಯ್, ಏಳೇ ಹೊಲಸು ಮುಂಡೆ!"

"ಏಳಾಕಿಲ್ಲ ಸಾರ್. ಗುಂಡಿ ಹೀರೋ ಮಿಷನ್ ತರ್ಸಿ."

"ಮಿಷನ್ ಬರೋದು ಸಾಯಂಕಾಲಕ್ಕೆ. ಸಾಹೇಬ್ರು ಈಗ ಮಾತಾಡ್ತಿದಾರೆ!"

"ಮಾತಾಡ್ಲಿ. ಹುಟ್ಟಿದಾಗ್ಲಿಂದ ನಾವು ಈ ನಾತ ಕುಡ್ದಿದೀವಿ. ಅವ್ರೂ ಒಂದ್ ಹೊತ್ತು ಕುಡೀಲಿ."

ಕಪ್ಪು ಕೋಟಿನ ವಿದ್ಯಾರ್ಥಿನಿಯೊಬ್ಬಳು ಹಿಂಬಾಗಿಲಿಂದ ಹೊರಬಂದಳು. ಗುಂಡಿ, ಹಗ್ಗ, ಬರಿಮೈಯ ಗಂಡಸು, ಎಲ್ಲವನ್ನೂ ನೋಡಿದಳು.

"ಅಮ್ಮಾ, ಮನುಷ್ಯರನ್ನ ಹೀಗೆ ಇಳಿಸೋದು ಅಪರಾಧ," ಮೆಲ್ಲಗೆ ಅಂದಳು.

"ನಂಗ್ಯಾಕವ್ವ ಹೇಳ್ತೀಯ? ಅಗೋ, ಅಲ್ಲವ್ನೆ. ಅವ್ನಿಗ್ ಹೇಳು."

ಹುಡುಗಿ ತಿರುವೇಂಗಡಂ ಕಡೆ ತಿರುಗಿದಳು.

"ನಿನ್ ಹೆಸರೇನಮ್ಮ? ಯಾವ ವರ್ಷ?" ಅವನು ಕೇಳಿದ.

ಅವಳು ತಲೆ ತಗ್ಗಿಸಿ ಒಳಗೆ ಹೋದಳು. ಹಿಂದೆಯೇ ಒಂದು ಕಿಟಕಿ ಮುಚ್ಚಿಕೊಂಡಿತು. ಒಳಗೆ ಚಪ್ಪಾಳೆ ಕೇಳಿಸಿತು.

ತಿರುವೇಂಗಡಂ ಸನ್ನೆ ಮಾಡಿದ. ಕಾವಲಿನವರಿಬ್ಬರು ಪೇಚಿಯ ರಟ್ಟೆ ಹಿಡಿದು ಜಗ್ಗಿದರು. ಬಳೆ ಒಡೆದು ಮಣಿಕಟ್ಟಿನಿಂದ ರಕ್ತ ಇಳಿಯಿತು. ಅವಳು ಮುಚ್ಚಳದ ಹಿಡಿಗೆ ಬೆರಳು ಸಿಕ್ಕಿಸಿಕೊಂಡು ಹಲ್ಲು ಕಚ್ಚಿದಳು. ಗಂಡನನ್ನು ಕರೆಯಲಿಲ್ಲ, ಅವನತ್ತ ನೋಡಲೂ ಇಲ್ಲ.

ವೀರಣನ್ ಆ ರಕ್ತವನ್ನೇ ನೋಡುತ್ತ ನಿಂತಿದ್ದ. ಸೊಂಟದ ಗಂಟು ಬಿಚ್ಚಲು ಹೋದ, ಅದು ಸಡಿಲವಾಗಲಿಲ್ಲ. ಹಗ್ಗವನ್ನು ಹಾಗೇ ಎಳೆದುಕೊಂಡು ಹೋಗಿ, ಕಾವಲಿನವರನ್ನು ಭುಜದಿಂದ ನೂಕಿ, ಹೆಂಡತಿಯ ಬೆನ್ನಿಗೆ ಬೆನ್ನು ಕೊಟ್ಟು ಆ ಹೊಲಸಿನಲ್ಲೇ ಕೂತ.

"ಈಗ ಎತ್ರೋ," ಅಂದ. "ಎತ್ರೋ ನೋಡವಾ, ಬೋಳೀಮಕ್ಳಾ."